ಕೂಚಂಭಟ್ಟನೂ ಶೆಲ್ಡನ್ ಕೂಪರನೂ

(ಕುಂಬಳೆ ಸಮೀಪದ ಒಂದು ವಾಚನಾಲಯದಲ್ಲಿ ಹೈಸ್ಕೂಲು ಮಕ್ಕಳು ಮತ್ತು ಹೆತ್ತವರ ಮುಂದೆ ಆಡಿದ ಮಾತಿನ ಬರಹ ರೂಪ)

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಒಂಬತ್ತನೇ ತರಗತಿ. ನಮ್ಮ ಶಾಲೆ ಇರುವುದು ಹೆದ್ದಾರಿಯ ಪಕ್ಕದಲ್ಲೇ. ಹೊರಗೆ ಬಸ್ಸು ಹೋದರೆ ಸಾಕು, ಇವನು ಪುಸ್ತಕದಿಂದ ತಲೆ ಎತ್ತದೆ ಹೇಳಿಬಿಡುತ್ತಿದ್ದ, ಇದು ಲೈಲ್ಯಾಂಡ್, ಇದು ಟಾಟಾ. ಕಾಸರಗೋಡು ಮಂಗಳೂರು ನಡುವೆ ಕೇರಳದ ಬಸ್ಸೂ ಓಡುತ್ತದೆ, ಕರ್ನಾಟಕದ್ದೂ ಓಡುತ್ತದೆ, ಎರಡಕ್ಕೂ ಕೆಎಸ್ಆರ್‌ಟಿಸಿ ಎಂದೇ ಹೆಸರು. ಯಾವುದು ಎಷ್ಟು ಗಂಟೆಗೆ ಎಲ್ಲಿಂದ ಹೊರಡುತ್ತದೆ ಎನ್ನುವುದು ಇವನಿಗೆ ಬಾಯಿಪಾಠ. ಬಸ್ಸಿನ ಹುಚ್ಚು ನಮ್ಮ ಕಡೆ ಹೊಸತೇನಲ್ಲ. ಸರಕಾರಿ ಬಸ್ಸನ್ನು 'ಆನವಂಡಿ' ಎಂದು ಮುದ್ದಾಗಿ ಕರೆದು ಅದರ ಹಿಂದೆ ಬಿದ್ದವರು ಕೇರಳದಲ್ಲಿ ಬೇಕಾದಷ್ಟು ಜನ ಇದ್ದಾರೆ.

ಒಂದು ದಿನ ಶಬ್ದದ ಪಾಠ ಮಾಡುತ್ತಿದ್ದೆ. ಆವೃತ್ತಿ ಜಾಸ್ತಿ ಆದರೆ ಸ್ವರ ಏರುತ್ತದೆ, ಕಮ್ಮಿ ಆದರೆ ಇಳಿಯುತ್ತದೆ ಎಂದು ಹೇಳಿ, ವೀಣೆಯ ತಂತಿಯ ಉದಾಹರಣೆ ಕೊಟ್ಟೆ. ಇವನು ಎದ್ದು ನಿಂತ. "ಟೀಚರ್, ಬಸ್ಸು ಗೇರ್ ಏರಿಸುವಾಗ ಸ್ವರ ಒಮ್ಮೆ ಕೆಳಗೆ ಬೀಳ್ತದಲ್ಲ, ಅದು ಇಂಜಿನ್ ತಿರುಗುವುದು ಕಮ್ಮಿ ಆಗಿ, ಅಲ್ವಾ?" ಅಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಫಸ್ಟ್, ಸೆಕೆಂಡ್, ಥರ್ಡ್ ಎಂದು ಬಾಯಿಯಲ್ಲೇ ಬಸ್ಸು ಬಿಟ್ಟ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ಹುಡುಗ ಕಿವಿ ಕೆಂಪು ಮಾಡಿಕೊಂಡು ಕೂತ.

ಮನೆಗೆ ಹೋದ ಮೇಲೂ ಅದು ತಲೆಯಲ್ಲೇ ಇತ್ತು. ಹುಡುಗ ಹೇಳಿದ್ದು ಸರಿ. ಕಾಸರಗೋಡಿನ ಮಗುವಿಗೆ ವೀಣೆಗಿಂತ ಬಸ್ಸು ಹತ್ತಿರ, ಹಾಗಾಗಿ ನನ್ನ ಉದಾಹರಣೆಗಿಂತ ಅವನದ್ದೇ ವಾಸಿ. ಅವನು ತಮಾಷೆಗೆ ಎಂದು ಏನೂ ಮಾಡಿರಲಿಲ್ಲ. ಹಾಗಾದರೆ ನಾವು ನಕ್ಕದ್ದು ಯಾತಕ್ಕೆ?

ಈ ಪ್ರಶ್ನೆ ಹಿಡಿದುಕೊಂಡೇ ನಾನು ಟಿವಿಯ ಹಾಸ್ಯ ಧಾರಾವಾಹಿಗಳನ್ನು ಮತ್ತೆ ನೋಡತೊಡಗಿದೆ. ಗೀಕ್, ನರ್ಡ್ ಎಂದು ಕರೆಸಿಕೊಳ್ಳುವ ಪಾತ್ರಗಳು ಇರುತ್ತವಲ್ಲ, ಅವುಗಳನ್ನು. ದಪ್ಪ ಕನ್ನಡಕ, ಕುತ್ತಿಗೆವರೆಗೆ ಹಾಕಿದ ಗುಂಡಿ, ಹುಡುಗಿ ಎದುರು ಬಂದರೆ ಬೆವರು, ಬಾಯಿ ಬಿಟ್ಟರೆ ಯಾರಿಗೂ ಬೇಡದ ವಿವರ. ನಿಮಗೆಲ್ಲ ಗೊತ್ತಿರುವ ಪಾತ್ರವೇ.

ನಮಗೆ ಈ ಜಾತಿ ಹೊಸತು ಅಂದುಕೊಳ್ಳಬೇಡಿ. ಓದಿ ಓದಿ ಮರುಳಾದ ಕೂಚಂಭಟ್ಟ ಯಾರು ಮತ್ತೆ? ಪುಸ್ತಕದ ಬದನೆಕಾಯಿ ಎಂದು ಬೈಯುವುದು ಯಾರಿಗೆ? ಬೆಂಗಳೂರು ಮೈಸೂರು ಕಡೆಯ ಮಕ್ಕಳು 'ಕುಡುಮಿ' ಅನ್ನುತ್ತಾರೆ. ನಾನು ಕಾಲೇಜಿಗೆ ಹೋದಾಗ ಮಲಯಾಳದ ಗೆಳತಿಯರು ಮೊದಲು ಕಲಿಸಿದ ಶಬ್ದ 'ಬುಜಿ'. ಬುದ್ಧಿಜೀವಿ ಎನ್ನುವುದರ ಬಾಲ ಕತ್ತರಿಸಿದ ರೂಪ. ಎರಡನೆಯದು 'ಪಠಿಪ್ಪಿಸ್ಟ್'. ಎರಡನ್ನೂ ನನಗೇ ಅಂಟಿಸಿದರು, ಅದು ಬೇರೆ ಮಾತು. ತುಳುವಿನಲ್ಲಿ ಇನ್ನೂ ಸಲೀಸು. 'ಮರ್ಲು' ಎಂದರೆ ಮುಗಿಯಿತು. ಕೂಚಂಭಟ್ಟನ ಮರುಳೂ ಈ ಮರ್ಲೂ ಒಂದೇ ಬೇರಿನ ಶಬ್ದಗಳು, ಗಮನಿಸಿ.

ಇಂಗ್ಲಿಷಿನವರ ಎರಡು ಶಬ್ದಗಳ ಹುಟ್ಟೂ ಏನೂ ಘನವಾದದ್ದಲ್ಲ. 'ನರ್ಡ್' ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1950ರಲ್ಲಿ, ಡಾ. ಸ್ಯೂಸ್ ಬರೆದ ಒಂದು ಮಕ್ಕಳ ಪುಸ್ತಕದಲ್ಲಿ. ಅಲ್ಲಿ ಅದು ಮೃಗಾಲಯದ ಒಂದು ವಿಚಿತ್ರ ಪ್ರಾಣಿಯ ಹೆಸರು. ಮರುವರ್ಷವೇ ಅಮೆರಿಕದ ಒಂದು ವಾರಪತ್ರಿಕೆ ಡೆಟ್ರಾಯ್ಟ್ ಊರಿನ ಹುಡುಗರು ಪೆದ್ದುಪೆದ್ದಾಗಿರುವವನಿಗೆ ನರ್ಡ್ ಅನ್ನುತ್ತಾರೆ ಎಂದು ಬರೆಯಿತು. 'ಗೀಕ್' ಇನ್ನೂ ಹಳೆಯದು. ಮೂಲದಲ್ಲಿ ಮೂರ್ಖ ಎಂದರ್ಥ. ಆಮೇಲೆ ಅಮೆರಿಕದ ಜಾತ್ರೆಗಳಲ್ಲಿ ಜೀವಂತ ಕೋಳಿಯ ತಲೆ ಕಚ್ಚಿ ತೋರಿಸಿ ಕಾಸು ಗಳಿಸುವವನಿಗೆ ಆ ಹೆಸರು ಬಂತು. ಒಂದು ಬೋನಿನೊಳಗಿನದ್ದು, ಇನ್ನೊಂದು ಟೆಂಟಿನೊಳಗಿನದ್ದು. ಎರಡನ್ನೂ ಜನ ಟಿಕೆಟ್ ಕೊಟ್ಟು, ಹೊರಗೆ ನಿಂತು ನೋಡುತ್ತಿದ್ದರು. ಟಿವಿ ಮಾಡಿದ್ದೂ ಹೆಚ್ಚುಕಮ್ಮಿ ಅದನ್ನೇ.

ಸ್ಟೀವ್ ಅರ್ಕೆಲ್ ಎಂಬ ಪಾತ್ರದಿಂದ ಶುರು ಮಾಡೋಣ. 1989ರಲ್ಲಿ ಅಮೆರಿಕದಲ್ಲಿ 'ಫ್ಯಾಮಿಲಿ ಮ್ಯಾಟರ್ಸ್' ಎಂಬ ಧಾರಾವಾಹಿ ಶುರುವಾಯಿತು. ಶಿಕಾಗೋದ ಒಂದು ಕಪ್ಪು ಜನರ ಕುಟುಂಬದ ಕತೆ. ಪಕ್ಕದ ಮನೆಯ ಹುಡುಗನಾಗಿ ಅರ್ಕೆಲ್ ಒಂದು ಕಂತಿಗೆ ಮಾತ್ರ ಬಂದು ಹೋಗಬೇಕಾಗಿತ್ತು. ಜಲೀಲ್ ವೈಟ್ ಎಂಬ ಹುಡುಗ ಆ ಪಾತ್ರ ಮಾಡಿದ. ಎದೆವರೆಗೆ ಎಳೆದ ಪ್ಯಾಂಟು, ಭುಜದ ಪಟ್ಟಿ, ಮೂಗಿನಲ್ಲಿ ಮಾತು. ಜನ ಎಷ್ಟು ನಕ್ಕರೆಂದರೆ ಅವನು ಮನೆ ಬಿಟ್ಟು ಹೋಗಲೇ ಇಲ್ಲ, ಕೊನೆಗೆ ಧಾರಾವಾಹಿಯೇ ಅವನದ್ದಾಯಿತು. 1998ರವರೆಗೆ ನಡೆಯಿತು.

ಅವನೊಂದು ಯಂತ್ರ ಮಾಡುತ್ತಾನೆ. ಅದರೊಳಗೆ ಹೊಕ್ಕು ಹೊರಗೆ ಬಂದರೆ ಅವನು ಸ್ಟೀಫನ್. ನಡಿಗೆ ನಯ, ಮಾತು ನಯ, ಕನ್ನಡಕ ಇಲ್ಲ. ಪಕ್ಕದ ಮನೆಯ ಲಾರಾ ಮರುಳಾಗುತ್ತಾಳೆ. ಎಂಥ ಬುದ್ಧಿವಂತಿಕೆ ಬೇಕು ಆ ಯಂತ್ರಕ್ಕೆ, ಯೋಚಿಸಿ! ಅಷ್ಟೂ ಬುದ್ಧಿಯನ್ನು ಅವನು ಖರ್ಚು ಮಾಡಿದ್ದು ತಾನು ತಾನಾಗಿರದೆ ಇರುವುದಕ್ಕೆ. ಕೊನೆಗೆ ಲಾರಾ ಸ್ಟೀಫನ್‌ನನ್ನು ಬಿಟ್ಟು ಸ್ಟೀವ್‌ನನ್ನೇ ಒಪ್ಪುತ್ತಾಳೆ, ಅದನ್ನು ಹೇಳದಿದ್ದರೆ ಅನ್ಯಾಯ ಆಗುತ್ತದೆ. ಆದರೆ ಅಲ್ಲಿಗೆ ಬರಲು ಒಂಬತ್ತು ಸೀಸನ್ ಬೇಕಾಯಿತು.

ಈಗ ನೀವೆಲ್ಲ ಕಾಯುತ್ತಿರುವುದಕ್ಕೆ ಬರುತ್ತೇನೆ. 'ದ ಬಿಗ್ ಬ್ಯಾಂಗ್ ಥಿಯರಿ'. 2007ರ ಸೆಪ್ಟೆಂಬರಿನಿಂದ 2019ರ ಮೇ ತನಕ, 12 ಸೀಸನ್, 279 ಕಂತು. ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಇಬ್ಬರು ಭೌತಶಾಸ್ತ್ರಿಗಳು, ಶೆಲ್ಡನ್ ಮತ್ತು ಲೆನರ್ಡ್, ಒಂದೇ ಮನೆಯಲ್ಲಿ ಇರುತ್ತಾರೆ. ಹೊವರ್ಡ್ ಎಂಬ ಇಂಜಿನಿಯರ್ ಮತ್ತು ನಮ್ಮ ದಿಲ್ಲಿಯ ರಾಜ್ ಕೂತ್ರಪಾಲಿ ದಿನಾ ಅಲ್ಲಿಗೆ ಊಟಕ್ಕೆ ಬರುತ್ತಾರೆ. ಎದುರುಮನೆಗೆ ಪೆನ್ನಿ ಎಂಬ ಹುಡುಗಿ ಬರುತ್ತಾಳೆ, ಹೋಟೆಲಿನಲ್ಲಿ ಕೆಲಸ, ನಟಿಯಾಗುವ ಆಸೆ. ಇದನ್ನು ಹುಟ್ಟುಹಾಕಿದ ಇಬ್ಬರಲ್ಲಿ ಬಿಲ್ ಪ್ರ್ಯಾಡಿ ಹಿಂದೆ ಕಂಪ್ಯೂಟರ್ ಪ್ರೋಗ್ರಾಮರ್ ಆಗಿದ್ದವರು. ಅಂದರೆ ಬರೆದವರು ಹೊರಗಿನವರೇ ಎಂದು ಹೇಳುವ ಹಾಗಿಲ್ಲ.

ಆ ಮನೆಯಲ್ಲಿ ಒಂದು ಬಿಳಿ ಬೋರ್ಡು ಇರುತ್ತದೆ, ತುಂಬ ಸಮೀಕರಣ. ನಾನು ಭೌತಶಾಸ್ತ್ರದ ಟೀಚರ್ ಆದ್ದರಿಂದ ಮೊದಲು ಕಣ್ಣು ಹೋದದ್ದು ಅಲ್ಲಿಗೆ. ಅದು ಸುಮ್ನೆ ಗೀಚಿದ್ದಲ್ಲ. ಡೇವಿಡ್ ಸಾಲ್ಟ್ಸ್‌ಬರ್ಗ್ ಎಂಬ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರಾಧ್ಯಾಪಕರು ಧಾರಾವಾಹಿಗೆ ಸಲಹೆಗಾರರಾಗಿದ್ದರು. ಬೋರ್ಡಿನಲ್ಲಿ ಏನಿರಬೇಕು ಎಂದು ನೋಡಿಕೊಳ್ಳುತ್ತಿದ್ದವರು ಅವರು. ಏಮಿ ಎಂಬ ನರವಿಜ್ಞಾನಿಯ ಪಾತ್ರ ಮಾಡಿದ ಮಾಯಿಮ್ ಬಿಯಾಲಿಕ್ ನಿಜಕ್ಕೂ ನರವಿಜ್ಞಾನದಲ್ಲಿ 2007ರಲ್ಲಿ ಪಿಎಚ್‌ಡಿ ಪಡೆದವರು. ಅಷ್ಟು ಶ್ರದ್ಧೆ ಇತ್ತು.

ಆದರೆ ಒಂದು ಕಂತು ಹಾಕಿಕೊಂಡು, ಪೆನ್ಸಿಲ್ ಹಿಡಿದು, ಜನ ನಕ್ಕ ಜಾಗಕ್ಕೆಲ್ಲ ಗುರುತು ಹಾಕಿ ನೋಡಿ. ನಾನು ಹಾಕಿದ್ದೇನೆ. ನಗು ಬೋರ್ಡಿನ ಮೇಲಿರುವುದಕ್ಕೆ ಬರುವುದು ಬಹಳ ಅಪರೂಪ. ಶೆಲ್ಡನ್ ಒಂದು ಉದ್ದ ವಾಕ್ಯ ಹೇಳುತ್ತಾನೆ, ಕ್ಯಾಮರಾ ಪೆನ್ನಿಯ ಮುಖಕ್ಕೆ ಹೋಗುತ್ತದೆ, ಅವಳು ಕಣ್ಣು ಮಿಟುಕಿಸುತ್ತಾಳೆ, ಆಗ ನಗು. ಅವನು ಹೇಳಿದ್ದು ಸರಿಯೋ ತಪ್ಪೋ, ಆಳವಾದದ್ದೋ ಅಲ್ಲವೋ, ನಗುವಿಗೆ ಸಂಬಂಧವೇ ಇಲ್ಲ. ಆ ಜಾಗದಲ್ಲಿ ಅರ್ಥವಿಲ್ಲದ ನಾಲ್ಕು ಶಬ್ದ ಹಾಕಿದರೂ ಅಷ್ಟೇ ನಗು ಬರುತ್ತಿತ್ತು. ನಾವು ನಗುವುದು ಎದುರಿನವಳಿಗೆ ತಲೆಬುಡ ತಿಳಿಯಲಿಲ್ಲ ಎನ್ನುವುದು ಮಾತಾಡುವವನಿಗೆ ಗೊತ್ತಾಗುತ್ತಿಲ್ಲವಲ್ಲ, ಅದಕ್ಕೆ. ಬಸ್ಸಿನ ಹುಡುಗನಿಗೆ ನಾವು ನಕ್ಕದ್ದೂ ಅದಕ್ಕೇ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಆದರೆ ಮಂಜೇಶ್ವರದ ಮೇಲಾಗಿಯೇ ವಾಪಸು ಬರುತ್ತೇನೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಹಳೆಯ ಪಪೈರಸ್ ಹಾಳೆಗಳು ಸಿಕ್ಕಿದವು. ಅದರಲ್ಲಿ ಒಂದು ಗ್ರೀಕ್ ಪ್ರಹಸನ. ಹಾಳೆಗೆ ಸುಮಾರು ಎರಡನೆಯ ಶತಮಾನದ ವಯಸ್ಸು. ಖಾರಿಟಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ಯಾವುದೋ ಕರಾವಳಿಯಲ್ಲಿ ಸೆರೆಯಾಗಿರುತ್ತಾಳೆ, ಅವಳ ಕಡೆಯವರು ಅಲ್ಲಿಯ ರಾಜನಿಗೆ ಚೆನ್ನಾಗಿ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ರಾಜನೂ ಅವನ ಜನರೂ ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಎಂದು 1904ರಲ್ಲಿ ಹುಲ್ಚ್ ಎಂಬ ಜರ್ಮನ್ ವಿದ್ವಾಂಸರು ಹೇಳಿದರು. ಆಮೇಲೆ ಶಾಮಶಾಸ್ತ್ರಿಗಳು, ಸಾಲೆತೊರೆಯವರು, ನಮ್ಮ ಗೋವಿಂದ ಪೈಗಳು ಎಲ್ಲ ಆ ಚರ್ಚೆಗೆ ಇಳಿದರು. ಅದು ಕನ್ನಡವೇ ಎಂದು ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ತುಳು ಎಂದವರೂ ಇದ್ದಾರೆ.

ನನಗೆ ಬೇಕಾದದ್ದು ಬೇರೆ. ಈಜಿಪ್ಟಿನಲ್ಲಿ ಕೂತು ಆ ನಾಟಕ ನೋಡಿದವರಿಗೆ ಆ ಮಾತಿನ ಒಂದಕ್ಷರವೂ ತಿಳಿದಿರಲಾರದು. ತಿಳಿಯಬೇಕು ಎಂದೂ ಇರಲಿಲ್ಲ. ರಂಗದ ಮೇಲೆ ಒಬ್ಬ ಗಂಭೀರವಾಗಿ ಏನೋ ಹೇಳುತ್ತಾನೆ, ಕೇಳುವವರಿಗೆ ಅದು ಬರೀ ಸದ್ದು, ಅದಕ್ಕೇ ನಗು. ಶೆಲ್ಡನ್ನನ ಉಪಾಯ ಅಷ್ಟು ಹಳೆಯದು. ಆ ಸದ್ದಿನೊಳಗೆ ಅರ್ಥ ಇದೆ ಎಂದು ನಂಬಿ ಇಷ್ಟು ಶತಮಾನ ಆದ ಮೇಲೆ ಅದರ ಎದುರು ಕೂತದ್ದು ಯಾರು? ಮಂಜೇಶ್ವರದಲ್ಲಿ ಪುಸ್ತಕಗಳ ನಡುವೆ ಬದುಕಿದ, ಹತ್ತಾರು ಭಾಷೆ ಕಲಿತ ಗೋವಿಂದ ಪೈಗಳಂಥವರು. ಗೀಕ್ ಎಂದರೆ ನನ್ನ ಮಟ್ಟಿಗೆ ಅವರು. ರಾಷ್ಟ್ರಕವಿಗೆ ಹಾಗೆ ಅನ್ನಬಹುದೋ ಇಲ್ಲವೋ, ನೀವು ಬೈದುಕೊಳ್ಳಬೇಡಿ.

ಇನ್ನೊಂದು ವಿಷಯ. ಕಾಸರಗೋಡಿನ ಕನ್ನಡದವರಾದ ನಮಗೆ ಇದು ಬೇರೆಯವರಿಗಿಂತ ಬೇಗ ಅರ್ಥ ಆಗಬೇಕು. ಕಚೇರಿಯ ಕೌಂಟರಿನಲ್ಲಿ ನಿಂತು ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಗಂಭೀರವಾಗಿ ಏನೋ ಹೇಳಿ, ಎದುರಿನವರ ಮುಖದಲ್ಲಿ ಸಣ್ಣ ನಗು ಕಂಡವರು ಇಲ್ಲಿ ಎಷ್ಟು ಜನ ಇಲ್ಲ? ಬೆಂಗಳೂರಿಗೆ ಹೋದರೆ 'ನೀವು ಪುಸ್ತಕದ ಹಾಗೆ ಮಾತಾಡ್ತೀರಲ್ಲ' ಎಂಬ ಇನ್ನೊಂದು ನಗು. ಎರಡು ಕಡೆಯೂ ನಾವೇ ಆ ಪ್ರಹಸನದ ರಾಜನ ಕಡೆಯವರು.

ಬಿಗ್ ಬ್ಯಾಂಗಿಗೆ ವಾಪಸು. ಅದರಲ್ಲಿ ಕೇಳುವ ನಗು ಮಷೀನಿನದ್ದು ಎಂದು ಬಹಳ ಜನ ತಿಳಿದಿದ್ದಾರೆ. ಅದರ ಚಿತ್ರೀಕರಣ ನಡೆಯುತ್ತಿದ್ದದ್ದು ಸ್ಟುಡಿಯೋದಲ್ಲಿ ಜನರನ್ನು ಕೂರಿಸಿಕೊಂಡು. ಯಾರೋ ಕಿಡಿಗೇಡಿಗಳು ಆ ನಗುವನ್ನು ಅಳಿಸಿ ತುಣುಕುಗಳನ್ನು ಯೂಟ್ಯೂಬಿಗೆ ಹಾಕಿದ್ದಾರೆ. ನೋಡಿ ಒಮ್ಮೆ. ಎದೆ ಸ್ವಲ್ಪ ಝಲ್ ಅನ್ನುತ್ತದೆ. ನಗು ಇದ್ದ ಜಾಗದಲ್ಲೆಲ್ಲ ನಾಲ್ಕು ಜನ ಒಬ್ಬರನ್ನೊಬ್ಬರು ಹೀಯಾಳಿಸಿ ಸುಮ್ಮನೆ ನಿಂತ ಹಾಗೆ ಕಾಣುತ್ತದೆ. ನಗುವಿಗಾಗಿ ನಟರು ಬಿಟ್ಟ ಬಿಡುವು ಅದು, ಹಾಗಾಗಿ ಈ ಪರೀಕ್ಷೆ ಪೂರ್ತಿ ನ್ಯಾಯವಾದದ್ದೂ ಅಲ್ಲ. ಯಕ್ಷಗಾನದಲ್ಲಿ ಚೆಂಡೆ ತೆಗೆದರೆ ಕುಣಿತ ಹೇಗೆ ಕಂಡೀತು ಹೇಳಿ.

ಶೆಲ್ಡನ್ನನಿಗೆ ಸೋಫಾದಲ್ಲಿ ಒಂದು ಜಾಗ. ಬೇರೆಯವರು ಕೂರುವ ಹಾಗಿಲ್ಲ. ಯಾಕೆ ಎಂದು ಮೊದಲ ಕಂತಿನಲ್ಲೇ ವಿವರಿಸುತ್ತಾನೆ, ಚಳಿಗಾಲದಲ್ಲಿ ಅಲ್ಲಿಗೆ ಹೀಟರಿನ ಬಿಸಿ ತಕ್ಕಷ್ಟು ಬರುತ್ತದೆ, ಬೇಸಿಗೆಯಲ್ಲಿ ಎರಡು ಕಿಟಕಿಯ ಗಾಳಿ ಹಾದು ಹೋಗುತ್ತದೆ, ಟಿವಿ ಸರಿಯಾದ ಕೋನದಲ್ಲಿ ಕಾಣುತ್ತದೆ. ಜನ ನಗುತ್ತಾರೆ. ನನ್ನ ಅಜ್ಜಂದಿರಿಗೆ ಜಗಲಿಯಲ್ಲಿ ಹೀಗೆಯೇ ಒಂದು ಜಾಗ ಇತ್ತು, ಕಾರಣವೂ ಇದೇ. ಯಾರೂ ನಗುತ್ತಿರಲಿಲ್ಲ, ಧೈರ್ಯ ಬೇಕಲ್ಲ. ಬಾಗಿಲು ಮೂರು ಸಲ ತಟ್ಟಿ ಮೂರು ಸಲ ಹೆಸರು ಕರೆಯುವುದು, ವ್ಯಂಗ್ಯ ತಿಳಿಯದೆ ಇರುವುದು, ದಿನಚರಿ ತಪ್ಪಿದರೆ ಕಂಗಾಲಾಗುವುದು, ಇವನ್ನೆಲ್ಲ ನೋಡಿ ಇವನಿಗೆ ಆಟಿಸಂ ಎಂದು ಜನ ಹೇಳಿದರು. ಬರೆದವರು ಆ ಹೆಸರನ್ನು ಪಾತ್ರಕ್ಕೆ ಅಂಟಿಸಲು ಒಪ್ಪಲಿಲ್ಲ. ಅವರಿಗೆ ಅದರಿಂದ ಅನುಕೂಲವೇ ಆಯಿತು ಎಂದು ನನ್ನ ಅನುಮಾನ. ಹೆಸರಿಟ್ಟರೆ ನಗಲು ಸಂಕೋಚ ಆಗುತ್ತದೆ. ಹೆಸರಿಡದೆ ಇದ್ದರೆ ಅದೇ ಲಕ್ಷಣಗಳಿಗೆ 12 ವರ್ಷ ನಗಬಹುದು. ಕ್ಲಾಸಿನಲ್ಲಿ ಅಂಥ ಮಕ್ಕಳನ್ನು ಕಂಡ ಯಾವ ಟೀಚರಿಗೂ ಈ ಮಾತು ಹೊಸತಲ್ಲ.

ರಾಜ್ ವಿಷಯದಲ್ಲಿ ನನಗೆ ಸಿಟ್ಟೂ ಇದೆ, ಪ್ರೀತಿಯೂ ಇದೆ. ಖಗೋಳಶಾಸ್ತ್ರಿ. ಆದರೆ ಆರು ಸೀಸನ್ ತನಕ ಕುಡಿಯದೆ ಹೆಂಗಸರ ಹತ್ತಿರ ಮಾತಾಡಲಾರ. ಅಮೆರಿಕದವರು ದಿನಾ ನೋಡುವ ಧಾರಾವಾಹಿಯಲ್ಲಿ ಒಬ್ಬ ಭಾರತದವನನ್ನು ಕೂರಿಸಿ ಅವನ ಬಾಯಿಗೆ ಬೀಗ ಹಾಕಿದರಲ್ಲ ಎಂದು ಸಿಟ್ಟು. ಪ್ರೀತಿ ಯಾಕೆಂದರೆ ಅವನ ಅಪ್ಪ ಅಮ್ಮ. ದಿಲ್ಲಿಯಿಂದ ಲ್ಯಾಪ್‌ಟಾಪಿನಲ್ಲಿ ಬಂದು ಮಗನ ಮದುವೆಯ ಮಾತೆತ್ತುತ್ತಾರೆ. ಕೊಲ್ಲಿಯಲ್ಲಿ ಮಕ್ಕಳಿರುವ ಎಷ್ಟು ಮನೆಗಳು ನಮ್ಮ ತಾಲೂಕಿನಲ್ಲಿವೆ! ಹಣೆ ಮಾತ್ರ ಕಾಣುವ ಹಾಗೆ ಫೋನು ಹಿಡಿದು "ಊಟ ಆಯ್ತಾ" ಎಂದು ಕೇಳುವ ಅಮ್ಮಂದಿರನ್ನು ನಾವು ಬಲ್ಲೆವು. ಆ ಜಾಗದಲ್ಲಿ ನಾನು ಮನಸಾರೆ ನಕ್ಕಿದ್ದೇನೆ.

ಹುಡುಗಿಯರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಶುರುವಿನಲ್ಲಿ ನಾಲ್ಕು ಗಂಡಸರು ಬುದ್ಧಿವಂತರು, ಒಬ್ಬಳು ಹುಡುಗಿ ಚಂದ. ಏಮಿ, ಬರ್ನಡೆಟ್ ಎಂಬ ವಿಜ್ಞಾನಿ ಹೆಂಗಸರು ಬಂದದ್ದು ಆಮೇಲೆ. ಬಂದ ಮೇಲೆ ಧಾರಾವಾಹಿಗೆ ಜೀವ ಬಂತು ಎಂದು ನನ್ನ ಅಭಿಪ್ರಾಯ. ಆದರೆ ಪೆನ್ನಿಗೆ ಮದುವೆ ಆಗುವವರೆಗೆ ಮನೆತನದ ಹೆಸರು ಏನು ಎಂದೇ ಯಾರೂ ಹೇಳಲಿಲ್ಲ.

ಬ್ರಿಟಿಷರ 'ದ ಐಟಿ ಕ್ರೌಡ್' ನೋಡಿದವರು ಕಮ್ಮಿ ಇರಬಹುದು. 2006ರಲ್ಲಿ ಶುರುವಾಗಿ 2013ರಲ್ಲಿ ಮುಗಿಯಿತು, ಒಟ್ಟು 25 ಕಂತು ಅಷ್ಟೇ. ದೊಡ್ಡ ಕಂಪೆನಿಯ ನೆಲಮಾಳಿಗೆಯಲ್ಲಿ ರಾಯ್ ಮತ್ತು ಮಾಸ್ ಎಂಬಿಬ್ಬರು ಕಂಪ್ಯೂಟರ್ ರಿಪೇರಿಯವರು. ಮೇಲೆ ಗಾಜಿನ ಕಚೇರಿ, ಕೆಳಗೆ ವಯರು ಧೂಳು. ಫೋನು ಎತ್ತಿದರೆ ರಾಯ್ ಕೇಳುವುದು ಒಂದೇ, ಆಫ್ ಮಾಡಿ ಆನ್ ಮಾಡಿ ನೋಡಿದ್ರಾ? ಈಗ ಸ್ವಲ್ಪ ಹೊತ್ತಿನ ಹಿಂದೆ ಪ್ರೊಜೆಕ್ಟರ್ ಕೈ ಕೊಟ್ಟಾಗ ಮುಂದಿನ ಸಾಲಿನ ಲಿಟಲ್ ಕೈಟ್ಸ್ ಎಂಬ ಶಾಲಾ ಐಟಿ ಕ್ಲಬ್ಬಿನ ಮಕ್ಕಳು ನನಗೆ ಹೇಳಿದ್ದೂ ಅದನ್ನೇ. ನಿಮ್ಮ ಕ್ಲಬ್ಬು 2018ರಲ್ಲಿ ಶುರುವಾದ ಮೇಲೆ ಶಾಲೆಗಳಲ್ಲಿ ಟೀಚರುಗಳ ಮರ್ಯಾದೆ ಉಳಿಸುವವರು ನೀವೇ ಆಗಿದ್ದೀರಿ.

ಅದರಲ್ಲಿ ಒಂದು ಕಂತು ನನಗೆ ಬಹಳ ಇಷ್ಟ. ಇವರ ಬಾಸ್ ಜೆನ್‌ಗೆ ಕಂಪ್ಯೂಟರ್ ಅಂದರೆ ಏನೂ ಗೊತ್ತಿಲ್ಲ. ಅವಳು ಶೇರುದಾರರ ಎದುರು ಭಾಷಣ ಮಾಡಬೇಕು. ರಾಯ್, ಮಾಸ್ ಸೇರಿ ಒಂದು ಸಣ್ಣ ಕಪ್ಪು ಪೆಟ್ಟಿಗೆ ಕೊಡುತ್ತಾರೆ, ಮೇಲೊಂದು ಕೆಂಪು ದೀಪ. "ಇದೇ ಇಂಟರ್ನೆಟ್, ಜಾಗ್ರತೆ" ಎನ್ನುತ್ತಾರೆ. ಸಭೆಯಲ್ಲಿ ಎಲ್ಲರೂ ಅವಳನ್ನು ನೋಡಿ ನಗುತ್ತಾರೆ ಎಂದು ಇಬ್ಬರೂ ಕಾಯುತ್ತಾರೆ. ಅವಳು ಪೆಟ್ಟಿಗೆ ಎತ್ತಿ ತೋರಿಸುತ್ತಾಳೆ. ಯಾರೂ ನಗುವುದಿಲ್ಲ. ಕೋಟು ಟೈ ಹಾಕಿದ ಅಷ್ಟೂ ಜನ ನಂಬಿ, ಭಕ್ತಿಯಿಂದ ನೋಡುತ್ತಾರೆ! ಇಲ್ಲಿ ನಗು ಮೂರು ಕಡೆಗೆ ಹೊಡೆಯುತ್ತದೆ, ಗೊತ್ತಿಲ್ಲದವಳಿಗೆ, ಗೊತ್ತಿದೆ ಎಂದು ಮೆರೆದವರಿಗೆ, ಗೊತ್ತಿಲ್ಲ ಎನ್ನುವುದೇ ಗೊತ್ತಿಲ್ಲದ ದೊಡ್ಡವರಿಗೆ. ಗೀಕನ್ನು ಬೋನಿನಲ್ಲಿಟ್ಟು ತೋರಿಸುವುದಕ್ಕಿಂತ ಇದು ಕಷ್ಟದ ಕೆಲಸ.

ನಮ್ಮ ದೇಶದ ಟಿವಿಯಲ್ಲಿ? ಹಿಂದಿಯ 'ಸಾರಾಭಾಯ್ ವರ್ಸಸ್ ಸಾರಾಭಾಯ್' 2004ರಲ್ಲಿ ಶುರುವಾಯಿತು. ಅದರಲ್ಲಿ ದುಷ್ಯಂತ್ ಎಂಬ ಅಳಿಯ. ಮನೆಗೆ ಬಂದರೆ ಫ್ರಿಜ್ಜೋ ಮಿಕ್ಸಿಯೋ ಏನಾದರೂ ಸದ್ದು ಮಾಡಿತೋ, ಬಿಚ್ಚಿ ಹಾಕಿ ಎಲ್ಲರಿಗೂ ಅದರ ಕೆಲಸ ವಿವರಿಸಲು ಕೂರುತ್ತಾನೆ. ಮನೆಯವರು ಓಡುತ್ತಾರೆ. ಆ ಪಾತ್ರ ಮಾಡಿದ ದೇವೇನ್ ಭೋಜಾನಿಯೇ ಆ ಧಾರಾವಾಹಿಯ ನಿರ್ದೇಶಕರು. ಅವನ ಮುಖದಲ್ಲಿ ಒಂದು ಖುಷಿ ಇದೆ ನೋಡಿ, ಅದು ನಿಜದ್ದು. 2008ರಲ್ಲಿ ಬಂದ 'ತಾರಕ್ ಮೆಹ್ತಾ' ನಿಮಗೆ ಗೊತ್ತು. ಅಲ್ಲಿ ಅಯ್ಯರ್ ಎಂಬ ತಮಿಳ ವಿಜ್ಞಾನಿ. ಏನು ವಿಜ್ಞಾನ ಎಂದು ಕೇಳಬೇಡಿ. ಅವನ ಬಣ್ಣ ಕಪ್ಪು, ಹೆಂಡತಿ ಚಂದ, ಪಕ್ಕದವನಿಗೆ ಹೊಟ್ಟೆಕಿಚ್ಚು. ತಮಾಷೆ ಅಷ್ಟರಲ್ಲೇ ತಿರುಗುತ್ತದೆ. ಅವನು ವಿಜ್ಞಾನಿ ಆಗುವ ಬದಲು ಬ್ಯಾಂಕಿನವನಾಗಿದ್ದರೆ ಒಂದು ಕಂತೂ ಬದಲಾಗುತ್ತಿರಲಿಲ್ಲ.

1999ರಲ್ಲಿ ಅಮೆರಿಕದಲ್ಲಿ 'ಫ್ರೀಕ್ಸ್ ಅಂಡ್ ಗೀಕ್ಸ್' ಎಂದು ಒಂದು ಬಂತು. 18 ಕಂತಿಗೇ ಮುಗಿಯಿತು. ನಗುವಿನ ಸದ್ದು ಅದರಲ್ಲಿ ಇಲ್ಲ. ಬಿಲ್ ಎಂಬ ಹುಡುಗ, ಉದ್ದ ಕಾಲು, ದಪ್ಪ ಕನ್ನಡಕ, ಆಟದಲ್ಲಿ ಯಾರೂ ತಂಡಕ್ಕೆ ಸೇರಿಸಿಕೊಳ್ಳುವುದಿಲ್ಲ. ಒಂದು ದಿನ ಶಾಲೆ ಬಿಟ್ಟು ಖಾಲಿ ಮನೆಗೆ ಬರುತ್ತಾನೆ. ಬ್ರೆಡ್ಡಿನ ನಡುವೆ ಚೀಸ್ ಹಾಕಿ ಬಿಸಿ ಮಾಡಿಕೊಂಡು, ಕೇಕಿನ ತುಂಡು ಹಿಡಿದು ಟಿವಿ ಮುಂದೆ ಕೂರುತ್ತಾನೆ. ಟಿವಿಯಲ್ಲಿ ಒಬ್ಬ ಹಾಸ್ಯಗಾರ. ಬಿಲ್ ಬಾಯಿ ತುಂಬ ತಿಂಡಿ ಇಟ್ಟುಕೊಂಡೇ ಬಿದ್ದು ಬಿದ್ದು ನಗುತ್ತಾನೆ. ಅಷ್ಟೇ ದೃಶ್ಯ. ಮಾತೇ ಇಲ್ಲ. ಎಲ್ಲ ಧಾರಾವಾಹಿಗಳಲ್ಲೂ ನಗೆಗೀಡಾಗುವವನು ಇಲ್ಲಿ ನಗುವವನು ಆಗಿದ್ದಾನೆ. ಎರಡು ನಿಮಿಷ ನಾವು ಅವನ ಪಕ್ಕದಲ್ಲಿ ಕೂತಿರುತ್ತೇವೆ.

ಆದರೂ ಅಲ್ಲಿ ಅವನು ಒಬ್ಬನೇ. ಗೀಕುಗಳ ನಿಜವಾದ ತಮಾಷೆ ಶುರುವಾಗುವುದು ಅವರು ಇಬ್ಬರಾದಾಗ. ಟಿವಿ ಅದನ್ನು ಬಹಳ ಕಮ್ಮಿ ತೋರಿಸಿದೆ. ಅದನ್ನು ನೋಡಬೇಕಾದರೆ ನೀವು ಯಕ್ಷಗಾನಕ್ಕೆ ಬರಬೇಕು. ಪಾರ್ತಿಸುಬ್ಬನ ಕುಂಬಳೆಯಲ್ಲಿ ನಿಂತು ಯಕ್ಷಗಾನ ಎತ್ತದೆ ಇಳಿದರೆ ನೀವು ಕಾಫಿಯೂ ಕೊಡಲಿಕ್ಕಿಲ್ಲ.

ನಳ ದಮಯಂತಿ ಪ್ರಸಂಗ. ನಳ ರೂಪ ಕಳೆದುಕೊಂಡು ಬಾಹುಕನಾಗಿ ಋತುಪರ್ಣ ರಾಜನ ಬಳಿ ಸಾರಥಿ ಆಗಿದ್ದಾನೆ. ಮೇಳದಲ್ಲಿ ಬಾಹುಕನ ವೇಷ ಹಾಸ್ಯಗಾರರದ್ದು. ಕುಳ್ಳ, ವಕ್ರ, ನೋಡಿದರೆ ನಗು ಬರುವ ಹಾಗೆ. ಆದರೆ ಕುದುರೆಯ ವಿದ್ಯೆಯಲ್ಲಿ ಅವನನ್ನು ಮೀರಿಸಿದವರಿಲ್ಲ. ಅವನು ಯಾರು ಎಂದು ನಮಗೆ ಗೊತ್ತು, ಋತುಪರ್ಣನಿಗೆ ಗೊತ್ತಿಲ್ಲ. ಇಲ್ಲಿ ಹಾಸ್ಯದ ಒಳಗೆ ನಿಂತವನು ವಿದ್ಯಾವಂತ, ಹೊರಗೆ ನಿಂತು ಮೋಸ ಹೋಗುವವನು ನಕ್ಕವನು.

ಮರುದಿನವೇ ದಮಯಂತಿಯ ಸ್ವಯಂವರ ಎಂದು ಸುದ್ದಿ. ಅಷ್ಟರೊಳಗೆ ವಿದರ್ಭ ಮುಟ್ಟಬೇಕು. ರಥ ಗಾಳಿಯ ಹಾಗೆ ಓಡುತ್ತಿದೆ. ಋತುಪರ್ಣನಿಗೆ ಸುಮ್ಮನೆ ಕೂರಲು ಆಗುವುದಿಲ್ಲ. ದಾರಿಯಲ್ಲಿ ಒಂದು ತಾರೆಮರ ಕಾಣುತ್ತದೆ. "ನೋಡು ಬಾಹುಕ, ನನಗೆ ಎಣಿಕೆಯ ವಿದ್ಯೆ ಗೊತ್ತು, ಆ ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆ, 2095 ಹಣ್ಣು" ಎನ್ನುತ್ತಾನೆ. ಇದು ಮಹಾಭಾರತದ ವನಪರ್ವದಲ್ಲಿರುವ ಲೆಕ್ಕ. ಬಾಹುಕ ಏನು ಮಾಡಬೇಕು? ಹೆಂಡತಿಯ ಎರಡನೆಯ ಮದುವೆ ಎದುರಿಗಿದೆ. ಅವನು ರಥ ನಿಲ್ಲಿಸುತ್ತಾನೆ! ಎಣಿಸದೆ ನಂಬುವುದಿಲ್ಲ ಎನ್ನುತ್ತಾನೆ. ರಾಜ ಗೋಗರೆಯುತ್ತಾನೆ, ಹೊತ್ತಾಯಿತು ಮಾರಾಯ, ಸೂರ್ಯ ಮುಳುಗುವ ಮೊದಲು ಮುಟ್ಟಬೇಕು ಎಂದು. ಇವನು ಕೇಳುವುದಿಲ್ಲ, ಇಳಿದು ಎಣಿಸಿಯೇ ಎಣಿಸುತ್ತಾನೆ. ಲೆಕ್ಕ ಸರಿ. ಆಮೇಲೆ ಇಬ್ಬರೂ ಅಲ್ಲೇ ನಿಂತು ವಿದ್ಯೆ ಬದಲಾಯಿಸಿಕೊಳ್ಳುವ ಮಾತಾಡುತ್ತಾರೆ. ನೀನು ನನಗೆ ಕುದುರೆಯದ್ದು ಕೊಡು, ನಾನು ನಿನಗೆ ಪಗಡೆಯದ್ದೂ ಎಣಿಕೆಯದ್ದೂ ಕೊಡುತ್ತೇನೆ. ಅವರನ್ನು ನೋಡಿ ನಗು ಬರುತ್ತದೆ, ಖಂಡಿತ ಬರುತ್ತದೆ. ಆದರೆ ಪೆನ್ನಿಯ ಮುಖ ಇಲ್ಲಿ ಬೇಕಾಗಿಲ್ಲ. ನಾವೂ ರಥದಿಂದ ಇಳಿದು ಮರದ ಕೆಳಗೆ ನಿಂತಿರುತ್ತೇವೆ, ಒಟ್ಟಿಗೆ ಎಣಿಸುತ್ತಾ.

ಬಿಗ್ ಬ್ಯಾಂಗ್ ಕೊನೆಗೆ ಶೆಲ್ಡನ್ ಮತ್ತು ಏಮಿಗೆ ನೊಬೆಲ್ ಕೊಡಿಸಿ ಮುಗಿಯಿತು. 12 ವರ್ಷ ನಕ್ಕದ್ದಕ್ಕೆ ತಪ್ಪುಕಾಣಿಕೆ ಹಾಕಿದ ಹಾಗೆ ನನಗೆ ಕಂಡಿತು. ನಮ್ಮ ಜಿಲ್ಲೆಯ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. 2024ರಲ್ಲಿ ಪದ್ಮಶ್ರೀ ಬಂತು. ಈಗ ಎಲ್ಲರೂ ಹೋಗಿ ನೋಡುತ್ತಾರೆ, ಒಳ್ಳೆಯದೇ. ಆದರೆ ಪಕ್ಕದ ಮನೆಯವನು ನೂರಾರು ಬಗೆಯ ಭತ್ತ ಬೇರೆ ಬೇರೆ ಇಟ್ಟು, ಒಂದು ಇನ್ನೊಂದರ ಜೊತೆ ಬೆರೆಯದ ಹಾಗೆ ಕಾಯುತ್ತಾ ಕೂತಿದ್ದರೆ, ಪ್ರಶಸ್ತಿಗೆ ಮೊದಲು ನಮ್ಮ ಬಾಯಿಗೆ ಯಾವ ಶಬ್ದ ಬರುತ್ತಿತ್ತು? ಅವರಿಗೆ ಯಾರಾದರೂ ಹಾಗೆ ಅಂದಿದ್ದಾರೆ ಎಂದು ನಾನು ಹೇಳುತ್ತಿಲ್ಲ. ನನ್ನ ಬಾಯಿಯ ವಿಷಯ ಹೇಳುತ್ತಿದ್ದೇನೆ.

ಯಾಕೆಂದರೆ ಆ ಶಬ್ದವನ್ನು ನಾನು ನನ್ನ ಸೋದರಮಾವನಿಗೇ ಬಳಸಿದ್ದೇನೆ. ಮಾವನಿಗೆ ರೇಡಿಯೋ ಮರ್ಲು. ಊರಿನ ಕೆಟ್ಟ ರೇಡಿಯೋಗಳೆಲ್ಲ ಅವರ ಮಂಚದ ಕೆಳಗೆ. ಬೆಸುಗೆಯ ಹೊಗೆಗೆ ಅತ್ತೆ ಬೈದು ಬೈದು ಸುಸ್ತಾಗಿದ್ದರು. ನನ್ನ ಅಕ್ಕನ ಮದುವೆಯ ದಿನ, ಮುಹೂರ್ತ ಆಗಿ ಇನ್ನೇನು ಎಲೆ ಹಾಕಬೇಕು, ಮಾವ ಕಾಣುವುದಿಲ್ಲ. ಬಡಿಸಲು ನಿಲ್ಲಬೇಕಾದವರೇ ಅವರು. ಅತ್ತೆಗೆ ನಾಚಿಕೆ. ಅಷ್ಟರಲ್ಲಿ ದಿಬ್ಬಣದವರ ಕಡೆಯೂ ಗುಸುಗುಸು, ಭಾವನ ದೊಡ್ಡಪ್ಪ ಕಾಣುವುದಿಲ್ಲವಂತೆ. ಹುಡುಕಿದೆವು. ಚಪ್ಪರದ ಹಿಂದೆ ಮೈಕ್ ಸೆಟ್ಟಿನವನ ಆಂಪ್ಲಿಫೈಯರ್ ಬಿಚ್ಚಿ ಹಾಕಿಕೊಂಡು ಇಬ್ಬರೂ ಕುಕ್ಕರಗಾಲಲ್ಲಿ ಕೂತಿದ್ದರು. ಬೆಳಿಗ್ಗೆಯಿಂದ ಅದರಲ್ಲಿ ಒಂದು ಗುಂಯ್ ಸದ್ದು ಬರುತ್ತಿತ್ತಂತೆ. ನಮಗೆ ಯಾರಿಗೂ ಕೇಳಿಸಿರಲಿಲ್ಲ. ಇವರಿಬ್ಬರಿಗೆ ಮಾತ್ರ, ಬೇರೆ ಬೇರೆ ಮೂಲೆಯಲ್ಲಿ ಕೂತಲ್ಲಿಗೆ, ಕೇಳಿಸಿತ್ತು. ಮೈಕ್ ಸೆಟ್ಟಿನ ಹುಡುಗ ಟಾರ್ಚ್ ಹಿಡಿದು ನಿಂತಿದ್ದ, ಅಳುವ ಮುಖ.

"ಮಾವಾ, ಊಟ" ಅಂದೆ.

"ಎರಡು ನಿಮಿಷ ಮಗಾ" ಅಂದರು ಮಾವ, ನನ್ನ ಮುಖವನ್ನೂ ನೋಡದೆ. ದೊಡ್ಡಪ್ಪ ನನ್ನ ಕೈಗೆ ನಾಲ್ಕು ಸ್ಕ್ರೂ ಕೊಟ್ಟು, "ಇದನ್ನೊಂದು ಹಿಡ್ಕೊ, ಬೀಳಿಸಬೇಡ" ಅಂದರು.

ಕೊನೆಯ ಪಂಕ್ತಿಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಹೋಳಿಗೆ ಮುಗಿದಿತ್ತು. ಅವರಿಗೆ ಗೊತ್ತೇ ಆಗಲಿಲ್ಲ.